ಪೈಥಾನ್ 3.12 ಹಾಕಿದ ಮೇಲೆ ಉಬುಂಟುವಿನಲ್ಲಿ ಟರ್ಮಿನಲ್ಲೇ ತೆರೆಯುತ್ತಿಲ್ಲ, ದಾರಿ ಹೇಳಿ

ಡೊಂಬಿವಲಿ ಲೋಕಲ್ · ಬುಧವಾರ ರಾತ್ರಿ 10:52

ಎಲ್ಲರಿಗೂ ನಮಸ್ಕಾರ. ಅವಸರದಲ್ಲಿದ್ದೇನೆ, ಆದರೂ ಆದದ್ದನ್ನು ಪೂರ್ತಿ ಹೇಳುತ್ತೇನೆ.

ನಮ್ಮ ಕನ್ನಡ ಸಂಘದ ಲ್ಯಾಪ್‌ಟಾಪ್ ನನ್ನ ಹತ್ತಿರ ಇದೆ. ಅದರಲ್ಲಿರುವುದು ಉಬುಂಟು 22.04. ಸಂಘದ ಹಳೆಯ ಸ್ಮರಣ ಸಂಚಿಕೆಗಳನ್ನು ಆಗ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದರು. ಅವನ್ನು ಯೂನಿಕೋಡ್‌ಗೆ ತರಲು ಒಂದು ಪೈಥಾನ್ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಇಷ್ಟು ದಿನ ಉಬುಂಟು ಜೊತೆಗೇ ಬಂದ 3.10ರಲ್ಲಿ ಚೆನ್ನಾಗಿ ನಡೆಯುತ್ತಿತ್ತು. ಸ್ಕ್ಯಾನ್ ಮಾಡಿದ ಪುಟಗಳ ಕಲೆ ತೆಗೆಯಲು ಹೊಸ ನಂಪೈ (ಲೆಕ್ಕ ಮಾಡುವ ಪೈಥಾನ್ ಲೈಬ್ರರಿ) ಬೇಕಾಯಿತು. ನಂಪೈ 2.3ಕ್ಕೆ ಕಡಿಮೆ ಅಂದರೂ ಪೈಥಾನ್ 3.11 ಬೇಕು.

ಹಾಗಾಗಿ ಡೆಡ್‌ಸ್ನೇಕ್ಸ್ ಪಿಪಿಎ (ಉಬುಂಟುಗೆ ಬೇರೆ ಬೇರೆ ಪೈಥಾನ್ ಕೊಡುವ ಹೊರಗಿನ ಭಂಡಾರ) ಸೇರಿಸಿ 3.12 ಹಾಕಿದೆ. ಅಲ್ಲಿಯವರೆಗೆ ಏನೂ ತೊಂದರೆ ಇರಲಿಲ್ಲ. ಆಮೇಲೆ ಎಲ್ಲೋ ಓದಿದ ಪ್ರಕಾರ ಅಪ್‌ಡೇಟ್-ಆಲ್ಟರ್ನೇಟಿವ್ಸ್ ಬಳಸಿ, 'ಪೈಥಾನ್3' ಎಂದರೆ 3.12 ಬರುವ ಹಾಗೆ ಮಾಡಿದೆ. ಇವತ್ತು ಬೆಳಿಗ್ಗೆ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ವಿಂಡೊ) ಐಕಾನ್ ಒತ್ತಿದರೆ ಒಂದೆರಡು ಕ್ಷಣ ಚಕ್ರ ಸುತ್ತುತ್ತದೆ, ನಿಲ್ಲುತ್ತದೆ, ಅಷ್ಟೇ. ವಿಂಡೊ ಬರುವುದೇ ಇಲ್ಲ.

ಭಾನುವಾರ ಸಂಘದ ಸಭೆ ಇದೆ. ಫಾರ್ಮ್ಯಾಟ್ ಮಾಡಬೇಕಾ? 2006ರಿಂದ 2011ರವರೆಗಿನ ಸಂಚಿಕೆಗಳ ತಿದ್ದಿದ ಪ್ರತಿ ಇದರಲ್ಲಿ ಮಾತ್ರ ಇದೆ. ಆರು ವರ್ಷದ ಸಂಚಿಕೆಗಳನ್ನು ನಾವು ಮೂವರು ಕೂತು ಅಕ್ಷರ ಅಕ್ಷರ ನೋಡಿ ತಿದ್ದಿದ್ದೇವೆ.

ಠಾಣೆ ಪೆಂಗ್ವಿನ್ · ಬುಧವಾರ ರಾತ್ರಿ 11:03

ಫಾರ್ಮ್ಯಾಟ್ ಬೇಡ. ಏನೂ ಕಳೆದುಹೋಗಿಲ್ಲ.

ಮೊದಲು ಒಂದು ಕೆಲಸ. ಫೈಲ್ಸ್ ಆಪ್ ತೆರೆಯುತ್ತದೆ ಅಲ್ವಾ? ಸಂಚಿಕೆಗಳ ಫೋಲ್ಡರನ್ನು ಈಗಲೇ ಪೆನ್‌ಡ್ರೈವ್‌ಗೆ ಹಾಕಿ. ಅದಾದ ಮೇಲೆ ಮುಂದಿನ ಮಾತು.

ಡೊಂಬಿವಲಿ ಲೋಕಲ್ · ಬುಧವಾರ ರಾತ್ರಿ 11:15

ಹಾಕಿದೆ. 1.8 ಜಿಬಿ. ತೆರೆದೂ ನೋಡಿದೆ, ಸರಿ ಇದೆ. ಈಗ ಸ್ವಲ್ಪ ಉಸಿರು ಬಂತು.

ಠಾಣೆ ಪೆಂಗ್ವಿನ್ · ಬುಧವಾರ ರಾತ್ರಿ 11:24

ಸರಿ, ಈಗ ಕೇಳಿ. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಕಪ್ಪು ಪರದೆ ಬರುತ್ತದೆ, ಲಾಗಿನ್ ಕೇಳುತ್ತದೆ. ಪಾಸ್‌ವರ್ಡ್ ಟೈಪ್ ಮಾಡುವಾಗ ಚುಕ್ಕಿಯೂ ಕಾಣುವುದಿಲ್ಲ, ಗಾಬರಿ ಆಗಬೇಡಿ. ಇದಕ್ಕೆ ಗ್ನೋಮ್ ಟರ್ಮಿನಲ್ ಬೇಕಿಲ್ಲ, ಪೈಥಾನೂ ಬೇಕಿಲ್ಲ.

ಅಲ್ಲಿ ಎರಡು ಸಾಲು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನೀವು ಇಂಗ್ಲಿಷಿನಲ್ಲಿ ಟೈಪ್ ಮಾಡಿ.

ಮೊದಲನೆಯದು: ಸುಡೊ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ರಿಮೂವ್-ಆಲ್ ಪೈಥಾನ್3

ಎರಡನೆಯದು: ಸುಡೊ ಎಲ್ಎನ್ -ಎಸ್ಎಫ್ ಪೈಥಾನ್3.10 /ಯುಎಸ್ಆರ್/ಬಿನ್/ಪೈಥಾನ್3

ಮೊದಲ ಸಾಲು ನೀವು ಮಾಡಿದ್ದನ್ನು ಅಳಿಸುತ್ತದೆ. ಅದರ ಜೊತೆಗೆ ಪೈಥಾನ್3 ಎನ್ನುವ ಕೊಂಡಿಯೂ (ಆ ಹೆಸರನ್ನು ನಿಜವಾದ ಫೈಲಿಗೆ ಜೋಡಿಸುವ ಸಿಮ್‌ಲಿಂಕ್) ಹೋಗುತ್ತದೆ, ಅದಕ್ಕೇ ಎರಡನೆಯದು ಬೇಕು. ನಡುವೆ ಎದ್ದು ಹೋಗಬೇಡಿ. ಮುಗಿದ ಮೇಲೆ ಎಲ್ಎಸ್ -ಎಲ್ /ಯುಎಸ್ಆರ್/ಬಿನ್/ಪೈಥಾನ್3 ಹಾಕಿ ನೋಡಿ, ಬಾಣದ ಗುರುತಿನ ಮುಂದೆ ಪೈಥಾನ್3.10 ಅಂತ ಕಾಣಬೇಕು. ವಾಪಸ್ ಬರಲು ಕಂಟ್ರೋಲ್, ಆಲ್ಟ್, ಎಫ್2.

ಹಿಂಜವಡಿ ರಾತ್ರಿಪಾಳಿ · ಬುಧವಾರ ರಾತ್ರಿ 11:31

ಇಷ್ಟೆಲ್ಲ ಯಾಕೆ? ಗ್ನೋಮ್-ಟರ್ಮಿನಲ್ ಫೈಲಿನ ಮೊದಲ ಸಾಲಿನಲ್ಲಿ ಪೈಥಾನ್3 ಅಂತ ಇದೆ. ಅದನ್ನು ಪೈಥಾನ್3.10 ಮಾಡಿ. ಟರ್ಮಿನಲ್ ತೆರೆಯುತ್ತದೆ, 3.12 ಕೂಡ ಇರುತ್ತದೆ. ನಾನು ಹಾಗೇ ಮಾಡಿದ್ದೇನೆ.

ಕೋಥ್ರೂಡ್ ಅಕ್ಕ · ಬುಧವಾರ ರಾತ್ರಿ 11:48

ದಯವಿಟ್ಟು ಹಾಗೆ ಮಾಡಬೇಡಿ. ಟರ್ಮಿನಲ್ ಕಣ್ಣಿಗೆ ಕಂಡಿತು, ಅದಕ್ಕೇ ಗೊತ್ತಾಯಿತು. ಕಾಣದೆ ನಿಂತುಹೋದದ್ದು ಎಷ್ಟಿರಬಹುದು?

ಒಳಗೆ ಏನಾಗಿದೆ ಅಂತ ಹೇಳುತ್ತೇನೆ. ಉಬುಂಟುವಿನಲ್ಲಿ ಆಪ್ಟ್ (ಸಾಫ್ಟ್‌ವೇರ್ ಹಾಕುವ, ತೆಗೆಯುವ ಕಮಾಂಡ್) ಮೂಲಕ ಬಂದ ಪೈಥಾನ್ ಮಾಡ್ಯೂಲುಗಳು /ಯುಎಸ್ಆರ್/ಲಿಬ್/ಪೈಥಾನ್3/ಡಿಸ್ಟ್-ಪ್ಯಾಕೇಜಸ್ ಎಂಬ ಫೋಲ್ಡರಿನಲ್ಲಿ ಇರುತ್ತವೆ. ಅಲ್ಲಿಗೆ ಹೋಗಿ ನೋಡಿ. ಆಪ್ಟ್_ಪಿಕೆಜಿ ಎಂಬ ಫೈಲಿನ ಹೆಸರಿನಲ್ಲೇ 'ಸಿಪೈಥಾನ್-310' ಅಂತ ಬರೆದಿದೆ. ಜಿಐ (ಗ್ನೋಮ್ ಲೈಬ್ರರಿಗಳನ್ನು ಪೈಥಾನಿಗೆ ಕೊಡುವ ಮಾಡ್ಯೂಲ್) ಫೋಲ್ಡರಿನಲ್ಲೂ ಹಾಗೇ. ಇವು ಸಿ ಭಾಷೆಯಿಂದ ಕಂಪೈಲ್ ಆದ ತುಂಡುಗಳು, 3.10ಕ್ಕೆ ಅಂತಲೇ ಹೊಲಿದ ಅಂಗಿ. 3.12 ಬಂದು ಹುಡುಕಿದರೆ ತನ್ನ ಅಳತೆಯದು ಸಿಗುವುದಿಲ್ಲ. 'ಅಂಥ ಮಾಡ್ಯೂಲ್ ಇಲ್ಲ' ಅಂತ ಹೇಳಿ ನಿಲ್ಲುತ್ತದೆ. 22.04ರಲ್ಲಿ ಟರ್ಮಿನಲ್ ಶುರುವಾಗುವುದೇ ಒಂದು ಚಿಕ್ಕ ಪೈಥಾನ್ ಸ್ಕ್ರಿಪ್ಟಿನಿಂದ. ಅದು ಜಿಐ ಕೇಳುತ್ತದೆ, ಸಿಗುವುದಿಲ್ಲ, ಸುಮ್ನೆ ಮುಚ್ಚಿಕೊಳ್ಳುತ್ತದೆ.

ಪಿಪಿಎ ಸೇರಿಸುವ ಆಡ್-ಆಪ್ಟ್-ರೆಪೊಸಿಟರಿ ಕೂಡ ಪೈಥಾನ್. ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಕೂಡ ಪೈಥಾನ್. ಇದೇ ನನಗೆ ಭಯ. ಸೆಕ್ಯುರಿಟಿ ತೇಪೆಗಳನ್ನು ತಾನಾಗಿ ಹಾಕುವುದು ಅದು. ಅದೂ ಆಪ್ಟ್_ಪಿಕೆಜಿ ಕೇಳುತ್ತದೆ. ನಿಂತರೆ ಪರದೆ ಮೇಲೆ ಯಾರೂ ಬಂದು ಹೇಳುವುದಿಲ್ಲ. ರಾತ್ರಿಪಾಳಿ ಅವರೇ, ನಿಮ್ಮ ಮೆಷಿನ್ನಿನಲ್ಲಿ ಒಮ್ಮೆ ಅದರ ಲಾಗ್ ತೆರೆದು ನೋಡಿ.

ಹಿಂಜವಡಿ ರಾತ್ರಿಪಾಳಿ · ಗುರುವಾರ ಬೆಳಗಿನ ಜಾವ 12:20

ನೋಡಿದೆ. ಫೆಬ್ರವರಿಯಿಂದ ಒಂದು ತೇಪೆಯೂ ಬಿದ್ದಿಲ್ಲ. ಅಕ್ಕ ಹೇಳಿದ್ದು ಸರಿ. ನನ್ನ ಮೇಲಿನ ಸಲಹೆಯನ್ನು ಯಾರೂ ಪಾಲಿಸಬೇಡಿ. ನಾನೂ ಕೊಂಡಿಯನ್ನು 3.10ಕ್ಕೆ ತಿರುಗಿಸುತ್ತಿದ್ದೇನೆ.

ಡೊಂಬಿವಲಿ ಲೋಕಲ್ · ಗುರುವಾರ ಬೆಳಗಿನ ಜಾವ 12:34

ತೆರೆಯಿತು! ಮೊದಲ ಸಲ ರಿಮೂವ್-ಆಲ್ ಹಿಂದೆ ಒಂದೇ ಗೆರೆ ಹಾಕಿದ್ದೆ, ಒಪ್ಪಲಿಲ್ಲ. ಎರಡು ಗೆರೆ ಹಾಕಿದ ಮೇಲೆ ಆಯಿತು. ಎಫ್2 ಒತ್ತಿ ವಾಪಸ್ ಬಂದು ಐಕಾನ್ ಒತ್ತಿದರೆ ತಕ್ಷಣ ವಿಂಡೊ ಬಂತು. ಠಾಣೆ ಅಣ್ಣನಿಗೆ, ಅಕ್ಕನಿಗೆ ದೊಡ್ಡ ಧನ್ಯವಾದ.

ಆದರೆ ನನಗೆ 3.12 ಬೇಕೇ ಬೇಕು. ಹಾಗಾದರೆ ಏನು ಮಾಡುವುದು? ಹಳೆಯ 3.10 ತೆಗೆದುಹಾಕಿ ಹೊಸದನ್ನು ಹಾಕಿದರೆ ಗೊಂದಲ ಇರುವುದಿಲ್ಲ ಅಲ್ವಾ?

ವಾಸ್ಕೊ ಬಂದರು · ಗುರುವಾರ ಬೆಳಿಗ್ಗೆ 6:40

ಬೇಡ ಬೇಡ ಬೇಡ. 3.10 ಮುಟ್ಟಲೇಬೇಡಿ.

ನಾನು ಇದನ್ನು ಮಾಡಿ ಅನುಭವಿಸಿದ್ದೇನೆ. ಆಗ 18.04 ಇತ್ತು. 'ಹಳೆಯದು ಯಾಕೆ ಜಾಗ ತಿನ್ನಬೇಕು' ಅಂತ ಆಪ್ಟ್ ರಿಮೂವ್ ಪೈಥಾನ್3 ಕೊಟ್ಟೆ. ಉದ್ದದ ಪಟ್ಟಿ ತೋರಿಸಿತು. ಓದಲಿಲ್ಲ, ವೈ ಒತ್ತಿದೆ. ಆ ಪಟ್ಟಿಯಲ್ಲಿ ಉಬುಂಟು-ಡೆಸ್ಕ್‌ಟಾಪ್ ಕೂಡ ಇತ್ತು. ರೀಸ್ಟಾರ್ಟ್ ಮಾಡಿದರೆ ಬರೀ ಕಪ್ಪು ಪರದೆ. ಹೊರಗೆ ಜುಲೈ ಮಳೆ, ಕರೆಂಟ್ ಬಂದು ಹೋಗುತ್ತಿತ್ತು. ಮಗಳ ಪ್ರಾಜೆಕ್ಟ್ ಅದರಲ್ಲಿತ್ತು. ಲೈವ್ ಯುಎಸ್‌ಬಿ ಹಾಕಿ ಫೈಲ್ ಹೊರತೆಗೆಯುವಷ್ಟರಲ್ಲಿ ಬೆಳಗಾಯಿತು.

ಏನನ್ನಾದರೂ ತೆಗೆಯುವಾಗ ಆ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ. ನಿಮಗೆ ಗೊತ್ತಿಲ್ಲದ ಹೆಸರು ಹತ್ತು ಇದ್ದರೆ ಎನ್ ಒತ್ತಿ.

ಶಿವಾಜಿನಗರ ಹಳಬ · ಗುರುವಾರ ಬೆಳಿಗ್ಗೆ 8:15

ಇದು ಉಬುಂಟುವಿನ ಕಾಯಿಲೆ ಮಾತ್ರ ಅಲ್ಲ. ಸೆಂಟ್‌ಒಎಸ್ 7 (ಇನ್ನೊಂದು ಲಿನಕ್ಸ್) ಕಾಲದಲ್ಲಿ ಇದಕ್ಕಿಂತ ಜಾಸ್ತಿ ನೋಡಿದ್ದೇವೆ. ಅದರ ಯಮ್ (ಅಲ್ಲಿ ಆಪ್ಟ್ ಜಾಗದಲ್ಲಿದ್ದದ್ದು) ನಡೆಯುತ್ತಿದ್ದದ್ದು ಪೈಥಾನ್ 2.7ರ ಮೇಲೆ. ಒಬ್ಬ ಹುಡುಗ 'ಪೈಥಾನ್' ಎನ್ನುವ ಕೊಂಡಿಯನ್ನು 3ಕ್ಕೆ ತಿರುಗಿಸಿದ. ಯಮ್ ಕೊಟ್ಟರೆ ಸಿಂಟ್ಯಾಕ್ಸ್ ಎರರ್. ದೋಷ ತೋರಿಸಿದ ಜಾಗ ಇನ್ನೂ ನೆನಪಿದೆ. ಎಕ್ಸೆಪ್ಟ್ ಕೀಬೋರ್ಡ್‌ಇಂಟರಪ್ಟ್ ಆದ ಮೇಲೆ ಒಂದು ಅಲ್ಪವಿರಾಮ. 2ರಲ್ಲಿ ಅಲ್ಲಿ ಅಲ್ಪವಿರಾಮ ನಡೆಯುತ್ತಿತ್ತು, 3ರಲ್ಲಿ 'ಆ್ಯಸ್' ಬೇಕು. ಒಂದು ಅಲ್ಪವಿರಾಮಕ್ಕೆ ಸರ್ವರಿನಲ್ಲಿ ಏನೂ ಇನ್‌ಸ್ಟಾಲ್ ಮಾಡಲಾಗದ ಸ್ಥಿತಿ. ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೆ ಬೆಂಬಲ ಮುಗಿಯಿತು, ಸೆಂಟ್‌ಒಎಸ್ 7ಕ್ಕೆ 2024ರ ಜೂನ್ 30ಕ್ಕೆ. ಆದರೂ ತಪ್ಪು ಅದೇ ತಪ್ಪು.

ಸಿಸ್ಟಮ್‌ನ ಪೈಥಾನ್ ಸಿಸ್ಟಮ್‌ಗೆ. ನಿಮ್ಮದು ಬೇಕಾದರೆ ಪಕ್ಕದಲ್ಲಿ ಬೇರೆ ಒಲೆ ಹೂಡಿ.

ಮಾಟುಂಗಾ ಕಾಪಿ · ಗುರುವಾರ ಬೆಳಿಗ್ಗೆ 9:05

ಬೇರೆ ಒಲೆ ಹೂಡುವುದು ಹೇಗೆ ಅಂತ ಯಾರಾದರೂ ಹೇಳುತ್ತೀರಾ? ಹೊಸಬರು ಓದುತ್ತಿದ್ದಾರೆ.

ಕೋಥ್ರೂಡ್ ಅಕ್ಕ · ಗುರುವಾರ ಬೆಳಿಗ್ಗೆ 9:40

ಡೊಂಬಿವಲಿ ಅವರ ಹತ್ತಿರ 3.12 ಈಗಾಗಲೇ ಪಕ್ಕದಲ್ಲೇ ಇದೆ. ಡೆಡ್‌ಸ್ನೇಕ್ಸ್ ಮಾಡುವುದೇ ಅಷ್ಟು. ಅದು 3.10ನ್ನು ಮುಟ್ಟುವುದಿಲ್ಲ. 'ಪೈಥಾನ್3.12' ಅಂತ ಪೂರ್ತಿ ಹೆಸರು ಹಿಡಿದು ಕರೆದರೆ ಬರುತ್ತದೆ. ತಪ್ಪಾದದ್ದು ಕೊಂಡಿ ತಿರುಗಿಸಿದ್ದು ಮಾತ್ರ.

ಈಗ ಮಾಡಬೇಕಾದ್ದು ಇಷ್ಟು. ಆಪ್ಟ್‌ನಿಂದ ಪೈಥಾನ್3.12-ವೆನ್ವ್ ಎಂಬ ಪ್ಯಾಕೇಜ್ ಹಾಕಿ. ವೆನ್ವ್ ಅಂದರೆ ಒಂದು ಪ್ರಾಜೆಕ್ಟಿಗೆ ಅಂತಲೇ ಇರುವ ಬೇರೆ ಪೈಥಾನ್ ಫೋಲ್ಡರ್. ಆ ಪ್ಯಾಕೇಜ್ ಬೇರೆಯಾಗಿಯೇ ಬರುತ್ತದೆ, ಅದಿಲ್ಲದಿದ್ದರೆ ಮುಂದಿನ ಹೆಜ್ಜೆ ಅರ್ಧಕ್ಕೆ ನಿಲ್ಲುತ್ತದೆ. ಆಮೇಲೆ ಸ್ಕ್ರಿಪ್ಟ್ ಇರುವ ಫೋಲ್ಡರಿಗೆ ಹೋಗಿ 'ಪೈಥಾನ್3.12 -ಎಮ್ ವೆನ್ವ್ ಡಾಟ್‌ವೆನ್ವ್' ಕೊಡಿ. ಆ ಹೊಸ ಫೋಲ್ಡರಿನ ಬಿನ್ ಒಳಗೆ ಆ್ಯಕ್ಟಿವೇಟ್ ಎಂಬ ಫೈಲ್ ಇದೆ, ಅದನ್ನು 'ಸೋರ್ಸ್' ಕಮಾಂಡ್‌ನಿಂದ ಓಡಿಸಿ. ಈಗ ಆ ಟರ್ಮಿನಲ್ ಒಳಗೆ ಪೈಥಾನ್ ಅಂದರೂ 3.12, ಪೈಥಾನ್3 ಅಂದರೂ 3.12. ಪಿಪ್ (ಪೈಥಾನ್ ಲೈಬ್ರರಿ ಇಳಿಸುವ ಕಮಾಂಡ್) ಹಾಕುವುದೆಲ್ಲ ಆ ಫೋಲ್ಡರಿಗೇ ಬೀಳುತ್ತದೆ. ಕೆಟ್ಟರೆ ಆ ಫೋಲ್ಡರ್ ಅಳಿಸಿ ಮತ್ತೆ ಮಾಡಿ. ಆ ಆಪ್ಟ್ ಸಾಲಿಗೆ ಬಿಟ್ಟರೆ ಸುಡೊ ಒಂದು ಸಲವೂ ಬೇಡ.

ಅಂಧೇರಿ ಸರ್ವರ್ · ಗುರುವಾರ ಬೆಳಿಗ್ಗೆ 10:10

ಡಾಕರ್ (ಪ್ರೋಗ್ರಾಮನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ನಡೆಸುವುದು) ಬಳಸಿ, ಮುಗಿಯಿತು. ಪೈಥಾನ್ 3.12-ಸ್ಲಿಮ್ ಇಮೇಜ್. ನಮ್ಮ ಆಫೀಸಿನಲ್ಲಿ ಹೊರಗಿನ ಮೆಷಿನ್ನಿನ ಪೈಥಾನ್ ಯಾವುದು ಅಂತ ಯಾರೂ ಕೇಳುವುದೇ ಇಲ್ಲ.

ಠಾಣೆ ಪೆಂಗ್ವಿನ್ · ಗುರುವಾರ ಬೆಳಿಗ್ಗೆ 10:22

ಸರ್ವರಿಗೆ ಅದು ಸರಿ. ಸಂಘದ ಲ್ಯಾಪ್‌ಟಾಪಿಗೆ ಬೇಕಾ? ನಾಳೆ ಇದನ್ನು ಇನ್ನೊಬ್ಬರು ನಡೆಸಬೇಕು. ಅವರಿಗೆ ಡಾಕರ್ ಕಲಿಸುವುದಕ್ಕಿಂತ ಒಂದು ವೆನ್ವ್ ತೋರಿಸುವುದು ಸುಲಭ.

ಪಿಂಪಳೆ ಸೌದಾಗರ್ · ಗುರುವಾರ ಮಧ್ಯಾಹ್ನ 1:30

ನಾನು ಪೈಎನ್ವ್ ಪಕ್ಷ. ಎಲ್ಲವೂ ಹೋಮ್ ಫೋಲ್ಡರಿನ ಒಳಗೆ, ಯಾವ ಪಿಪಿಎಯನ್ನೂ ನಂಬಬೇಕಿಲ್ಲ. ಪ್ರತಿ ಪ್ರಾಜೆಕ್ಟಿಗೆ ಬೇರೆ ಬೇರೆ ವರ್ಷನ್.

ಒಂದು ಎಚ್ಚರಿಕೆ. ಅದು ಸೋರ್ಸ್‌ನಿಂದ ಕಂಪೈಲ್ ಮಾಡುತ್ತದೆ. ಮೊದಲೇ ಲಿಬ್‌ಎಸ್‌ಎಸ್‌ಎಲ್, ಝೆಡ್‌ಲಿಬ್, ಲಿಬ್‌ಎಫ್‌ಎಫ್‌ಐ, ಎಸ್‌ಕ್ಯುಲೈಟ್, ಬಿಝಿಪ್2, ರೀಡ್‌ಲೈನ್ ಇವುಗಳ ಡೆವ್ ಪ್ಯಾಕೇಜ್ ಹಾಕಿರಬೇಕು. ನಾನು ಎಸ್‌ಕ್ಯುಲೈಟ್ ಮರೆತಿದ್ದೆ. ಕಂಪೈಲ್ ಕೊನೆಯವರೆಗೂ ಹೋಯಿತು, ಎಚ್ಚರಿಕೆಯ ಸಾಲನ್ನು ನಾನು ಗಮನಿಸಲಿಲ್ಲ. ಎರಡು ವಾರದ ಮೇಲೆ ಪ್ರೋಗ್ರಾಮ್ ಡೇಟಾಬೇಸ್ ತೆರೆಯಲು ಹೋಗಿ ಬಿತ್ತು.

ಹಿಂಜವಡಿ ರಾತ್ರಿಪಾಳಿ · ಗುರುವಾರ ಮಧ್ಯಾಹ್ನ 2:02

ಇದಕ್ಕೇ ಈಗ ಯುವಿ ಬಂದಿದೆ. 'ಯುವಿ ಪೈಥಾನ್ ಇನ್‌ಸ್ಟಾಲ್ 3.12' ಅಂದರೆ ಸಿದ್ಧವಾದ ಪೈಥಾನನ್ನೇ ಇಳಿಸಿಕೊಳ್ಳುತ್ತದೆ. ಕಂಪೈಲ್ ಇಲ್ಲ, ಡೆವ್ ಪ್ಯಾಕೇಜ್ ಇಲ್ಲ. ಅದೂ ಹೋಮ್ ಫೋಲ್ಡರಿನ ಒಳಗೇ. ಸಿಸ್ಟಮ್‌ನದನ್ನು ಮುಟ್ಟುವುದಿಲ್ಲ.

ಪಿಂಪಳೆ ಸೌದಾಗರ್ · ಗುರುವಾರ ಮಧ್ಯಾಹ್ನ 2:11

ಯುವಿ 2024ರದ್ದು. ಪೈಎನ್ವ್ ಎಷ್ಟು ವರ್ಷದಿಂದ ನಡೆಯುತ್ತಿದೆ!

ಹಿಂಜವಡಿ ರಾತ್ರಿಪಾಳಿ · ಗುರುವಾರ ಮಧ್ಯಾಹ್ನ 2:13

ಹಳೆಯದು ಅನ್ನುವುದೇ ಕಾರಣವಾದರೆ 3.10ರಲ್ಲೇ ಇರೋಣ ಬಿಡಿ. ನಿಮ್ಮ ಎಸ್‌ಕ್ಯುಲೈಟ್ ತೊಂದರೆ ಇದರಲ್ಲಿ ಬರುತ್ತಲೇ ಇರಲಿಲ್ಲ.

ಶಿವಾಜಿನಗರ ಹಳಬ · ಗುರುವಾರ ಮಧ್ಯಾಹ್ನ 2:40

ಎರಡೂ ಒಳ್ಳೆಯವೇ, ಜಗಳ ಬೇಡ. ಕೈಯಾರೆ ಸೋರ್ಸ್‌ನಿಂದ ಕಟ್ಟುವವರಿಗೆ ಮಾತ್ರ ಒಂದು ಮಾತು. 'ಮೇಕ್ ಇನ್‌ಸ್ಟಾಲ್' ಅಲ್ಲ, 'ಮೇಕ್ ಆಲ್ಟ್‌ಇನ್‌ಸ್ಟಾಲ್'. ಮೊದಲನೆಯದು /ಯುಎಸ್ಆರ್/ಲೋಕಲ್/ಬಿನ್ ಒಳಗೆ ಪೈಥಾನ್3 ಎಂಬ ಹೆಸರನ್ನೂ ಇಡುತ್ತದೆ. ಪಾತ್‌ನಲ್ಲಿ (ಕಮಾಂಡ್ ಹುಡುಕುವ ಜಾಗಗಳ ಪಟ್ಟಿ) ಆ ಜಾಗ ಮೊದಲು ಬರುತ್ತದೆ, ಹಾಗಾಗಿ ಎನ್ವ್ ಪೈಥಾನ್3 ಅಂತ ಶುರುವಾಗುವ ಸ್ಕ್ರಿಪ್ಟುಗಳೆಲ್ಲ ಹೊಸದನ್ನು ಹಿಡಿಯುತ್ತವೆ. ಎರಡನೆಯದು ಪೈಥಾನ್3.12 ಅಂತ ಮಾತ್ರ ಇಡುತ್ತದೆ.

ಮಡಗಾಂವ್ ಮಳೆ · ಗುರುವಾರ ಸಂಜೆ 5:25

ಇಡೀ ಉಬುಂಟುವನ್ನೇ 24.04ಕ್ಕೆ ಏರಿಸಿದರೆ? ಅದರ ಜೊತೆಗೇ 3.12 ಬರುತ್ತದೆ.

ಕೋಥ್ರೂಡ್ ಅಕ್ಕ · ಗುರುವಾರ ಸಂಜೆ 5:50

ಬರುತ್ತದೆ, ಒಳ್ಳೆಯ ದಾರಿಯೇ. ಆದರೆ ಭಾನುವಾರದ ಸಭೆ ಮುಗಿಯುವವರೆಗೆ ಬೇಡ. ಪೈಥಾನ್3 ಕೊಂಡಿ ತಿರುಗಿಸಿ ಇಟ್ಟವರಿಗೆ ಆ ಅಪ್‌ಗ್ರೇಡ್ ಶುರುವೇ ಆಗುವುದಿಲ್ಲ, 'ನಿಮ್ಮ ಪೈಥಾನ್3 ಕೊಂಡಿ ಕೆಟ್ಟಿದೆ, ಸರಿ ಮಾಡಿ' ಅಂತ ನಿಲ್ಲಿಸುತ್ತದೆ. ಇನ್ನೊಂದು, 3.10ರ ಮೇಲೆ ಕಟ್ಟಿದ ಹಳೆಯ ವೆನ್ವ್‌ಗಳು 24.04ಕ್ಕೆ ಹೋದ ಮೇಲೆ ನಡೆಯುವುದಿಲ್ಲ. ಒಳಗಿರುವುದು 3.10ಕ್ಕೆ ಒಂದು ಕೊಂಡಿ ಅಷ್ಟೇ. ಅದಕ್ಕೆ ಮೊದಲೇ ಪಿಪ್ ಫ್ರೀಜ್ ಮಾಡಿ ಲೈಬ್ರರಿಗಳ ಪಟ್ಟಿಯನ್ನು ಫೈಲಿಗೆ ಇಳಿಸಿಕೊಳ್ಳಿ. ಹೊಸ ವೆನ್ವ್ ಮಾಡಿ ಆ ಪಟ್ಟಿಯಿಂದ ತುಂಬಿಸಬಹುದು.

24.04ರಲ್ಲಿ ವೆನ್ವ್ ಹೊರಗೆ ಪಿಪ್ ಕೊಟ್ಟರೆ 'ಇದನ್ನು ಹೊರಗಿನವರು ನೋಡಿಕೊಳ್ಳುತ್ತಿದ್ದಾರೆ' ಅಂತ ತಡೆಯುತ್ತದೆ. ದಾಟಲು ಬ್ರೇಕ್-ಸಿಸ್ಟಮ್-ಪ್ಯಾಕೇಜಸ್ ಅಂತ ಒಂದು ಸ್ವಿಚ್ ಇದೆ. ಸಿಸ್ಟಮ್ ಮುರಿಯುತ್ತದೆ ಅಂತ ಅದರ ಹೆಸರೇ ಹೇಳುತ್ತಿದೆ. ಬಳಸಬೇಡಿ.

ಡೊಂಬಿವಲಿ ಲೋಕಲ್ · ಗುರುವಾರ ರಾತ್ರಿ 9:58

ಈಗ ಮನೆ ಮುಟ್ಟಿದೆ. ಅಕ್ಕ ಹೇಳಿದ ಹಾಗೆ ವೆನ್ವ್ ಮಾಡಿದೆ, ನಂಪೈ ಬಂತು. ಆದರೆ ಸ್ಕ್ರಿಪ್ಟ್ ಓಡಿಸಿದರೆ 'ಐಎಂಪಿ ಎಂಬ ಮಾಡ್ಯೂಲ್ ಇಲ್ಲ' ಅನ್ನುತ್ತದೆ. 3.10ರಲ್ಲಿ ಇತ್ತು!

ಠಾಣೆ ಪೆಂಗ್ವಿನ್ · ಗುರುವಾರ ರಾತ್ರಿ 10:06

3.12ರಲ್ಲಿ ಐಎಂಪಿ ತೆಗೆದುಹಾಕಿದ್ದಾರೆ. ಡಿಸ್ಟ್‌ಯುಟಿಲ್ಸ್ ಕೂಡ ಹೋಗಿದೆ. ಐಎಂಪಿ ಬದಲು ಇಂಪೋರ್ಟ್‌ಲಿಬ್ ಬಳಸಿ. ನೀವು ರೀಲೋಡ್ ಮಾತ್ರ ಬಳಸಿದ್ದರೆ ಇಂಪೋರ್ಟ್‌ಲಿಬ್ ಡಾಟ್ ರೀಲೋಡ್ ಅಂತ ಒಂದು ಸಾಲು ಬದಲಿಸಿದರೆ ಸಾಕು.

ನಿಜವಾಗಿ ಹಳೆಯ ವರ್ಷನ್‌ನಲ್ಲಿ ಇರುವಾಗಲೇ 'ಪೈಥಾನ್3 -ಡಬ್ಲ್ಯು ಡೀಫಾಲ್ಟ್' ಹಾಕಿ ಸ್ಕ್ರಿಪ್ಟ್ ಓಡಿಸಿದ್ದರೆ, 'ಇದು ಮುಂದೆ ಹೋಗಲಿದೆ' ಅಂತ 3.10 ಆಗಲೇ ಹೇಳುತ್ತಿತ್ತು. ಏರುವ ಮೊದಲು ಇದನ್ನೊಂದು ಮಾಡಿ ನೋಡುವುದು ಒಳ್ಳೆಯದು.

ಮಾಟುಂಗಾ ಕಾಪಿ · ಗುರುವಾರ ರಾತ್ರಿ 10:15

ಹಾಗಾದರೆ 3.14ಕ್ಕೇ ಯಾಕೆ ಹೋಗಬಾರದು? ಅದೂ ಬಂದಿದೆಯಲ್ಲ.

ಹಿಂಜವಡಿ ರಾತ್ರಿಪಾಳಿ · ಗುರುವಾರ ರಾತ್ರಿ 10:31

ಪ್ರತಿ ಅಕ್ಟೋಬರ್‌ನಲ್ಲಿ ಹೊಸದು ಬರುತ್ತದೆ, ಪ್ರತಿಯೊಂದಕ್ಕೂ ಐದು ವರ್ಷ ಬೆಂಬಲ. 3.10ಕ್ಕೆ 2026ರ ಅಕ್ಟೋಬರ್‌ವರೆಗೆ, 3.12ಕ್ಕೆ 2028ರ ಅಕ್ಟೋಬರ್‌ವರೆಗೆ. ನೀವು ಬಳಸುವ ಲೈಬ್ರರಿಗಳೆಲ್ಲ ಅಲ್ಲಿಗೆ ಬಂದಿವೆಯಾ ಅಂತ ನೋಡಿ ಹೋಗಬೇಕು. 3.13ರಲ್ಲಿ ಸಿಜಿಐ, ಕ್ರಿಪ್ಟ್, ಟೆಲ್ನೆಟ್‌ಲಿಬ್ ಹೀಗೆ ಇನ್ನಷ್ಟು ಹಳೆಯವನ್ನು ತೆಗೆದಿದ್ದಾರೆ.

ಮಡಗಾಂವ್ ಮಳೆ · ಗುರುವಾರ ರಾತ್ರಿ 10:44

ವಿಷಯ ಬೇರೆ, ಆದರೆ ಕೇಳಲೇಬೇಕು. ನುಡಿಯಿಂದ ಯೂನಿಕೋಡ್‌ಗೆ ತರುವಾಗ ಹಳಗನ್ನಡದ ೞ, ಱ ಏನಾದವು?

ಡೊಂಬಿವಲಿ ಲೋಕಲ್ · ಗುರುವಾರ ರಾತ್ರಿ 11:02

ಒಳ್ಳೆಯ ಪ್ರಶ್ನೆ. 2008ರ ಸಂಚಿಕೆಯಲ್ಲಿ ಹಳಗನ್ನಡ ಕಾವ್ಯದ ಮೇಲೆ ಒಂದು ಲೇಖನ ಇದೆ, ಅದರ ತುಂಬ ೞ. ಪೈಥಾನಿನಲ್ಲಿ ಯೂನಿಕೋಡ್‌ಡೇಟಾ ತೆರೆದು ಅದರ ಹೆಸರು ಕೇಳಿದರೆ 'ಕನ್ನಡ ಅಕ್ಷರ ಎಫ್ಎ' ಅನ್ನುತ್ತದೆ! ನನ್ನದೇ ತಪ್ಪು ಅಂತ ಒಂದು ಸಂಜೆ ಪೂರ್ತಿ ಹುಡುಕಿದೆ.

ಕೋಥ್ರೂಡ್ ಅಕ್ಕ · ಗುರುವಾರ ರಾತ್ರಿ 11:20

ನಿಮ್ಮ ತಪ್ಪಲ್ಲ. ಯೂನಿಕೋಡ್‌ನವರು ಮೊದಲೇ ತಪ್ಪು ಹೆಸರು ಇಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸುವುದಿಲ್ಲ ಅನ್ನುವುದು ಅವರ ನಿಯಮ. ಹಾಗಾಗಿ 'ಎಲ್‌ಎಲ್‌ಎಲ್‌ಎ' ಎಂಬ ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಸೇರಿಸಿದ್ದಾರೆ. ಪೈಥಾನಿನಲ್ಲಿ ಆ ಹೆಸರಿನಿಂದ ಹುಡುಕಿದರೂ ಅಕ್ಷರ ಸಿಗುತ್ತದೆ.

ಪೈಥಾನ್ ವರ್ಷನ್‌ಗೂ ಇದಕ್ಕೂ ಸಂಬಂಧ ಇದೆ, ವಿಷಯ ತೀರ ಬೇರೆಯಲ್ಲ. 3.10ರ ಒಳಗಿನ ಯೂನಿಕೋಡ್ ಪಟ್ಟಿ 13.0, 3.12ರದ್ದು 15.0. ನಡುವೆ ಕನ್ನಡಕ್ಕೆ ಎರಡು ಹೊಸ ಚಿಹ್ನೆ ಬಂದಿವೆ. 14.0ರಲ್ಲಿ ನಕಾರ ಪೊಲ್ಲು (ಸ್ವರವಿಲ್ಲದ ನ್), 15.0ರಲ್ಲಿ ಅಕ್ಷರದ ಬಲ ಮೇಲ್ತುದಿಗೆ ಬರುವ ಅನುಸ್ವಾರ. ಹೆಸರು ಕೇಳಿದರೆ 3.10 'ಗೊತ್ತಿಲ್ಲ' ಅನ್ನುತ್ತದೆ, 3.12 ಹೇಳುತ್ತದೆ.

ಮಡಗಾಂವ್ ಮಳೆ · ಗುರುವಾರ ರಾತ್ರಿ 11:27

ಆ ಅನುಸ್ವಾರ ನಮಗೆ ಬೇಕಾದ್ದು! ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆಯುವಾಗ ಮೂಗಿನ ಸ್ವರಕ್ಕೆ ಅದೇ. ನಾಳೆಯೇ 3.12ರ ವೆನ್ವ್ ಮಾಡುತ್ತೇನೆ.

ವಾಸ್ಕೊ ಬಂದರು · ಶುಕ್ರವಾರ ಬೆಳಿಗ್ಗೆ 7:10

ಒಂದು ಉಳಿದಿದೆ. ಡೊಂಬಿವಲಿ ಅವರೇ, ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸಗಳನ್ನು ತಾನಾಗಿ ಓಡಿಸುವುದು) ಏನಾದರೂ ಹಾಕಿದ್ದೀರಾ? ನೀವು ಟರ್ಮಿನಲ್‌ನಲ್ಲಿ ಆ್ಯಕ್ಟಿವೇಟ್ ಮಾಡಿದ್ದು ಕ್ರಾನ್‌ಗೆ ಗೊತ್ತಾಗುವುದಿಲ್ಲ. ಅಲ್ಲಿ ವೆನ್ವ್ ಒಳಗಿನ ಪೈಥಾನಿನ ಪೂರ್ತಿ ವಿಳಾಸ ಬರೆಯಬೇಕು.

ಡೊಂಬಿವಲಿ ಲೋಕಲ್ · ಶುಕ್ರವಾರ ರಾತ್ರಿ 11:40

ಇತ್ತು, ರಾತ್ರಿ ಬ್ಯಾಕಪ್ ಸ್ಕ್ರಿಪ್ಟ್. ವಿಳಾಸ ಬದಲಿಸಿದೆ. ನೆನಪಿಸಿದ್ದಕ್ಕೆ ಥ್ಯಾಂಕ್ಸ್.

ಐಎಂಪಿ ಸಾಲನ್ನು ತಿದ್ದಿದೆ. ಆರೂ ಸಂಚಿಕೆಗಳನ್ನು 3.10ರಲ್ಲಿ ಒಮ್ಮೆ, 3.12ರಲ್ಲಿ ಒಮ್ಮೆ ಓಡಿಸಿ ಎರಡನ್ನೂ ಡಿಫ್ ಹಾಕಿ ನೋಡಿದೆ. ಒಂದು ಅಕ್ಷರವೂ ವ್ಯತ್ಯಾಸ ಇಲ್ಲ. 'ಸ್ತ್ರೀ' ಅನ್ನುವುದಕ್ಕೆ ಎರಡೂ ಆರು ಯೂನಿಕೋಡ್ ಸಂಕೇತ ಅಂತಲೇ ಎಣಿಸುತ್ತವೆ. ಸ್ಕ್ಯಾನ್ ಪುಟಗಳ ಕಲೆ ತೆಗೆಯುವುದು ಈಗ ನಡೆಯುತ್ತಿದೆ, 2009ರದ್ದು ಅರ್ಧ ಆಗಿದೆ. ಪೆನ್‌ಡ್ರೈವ್ ಎರಡು ಮಾಡಿದ್ದೇನೆ, ಒಂದು ಸಂಘದ ಕಪಾಟಿಗೆ. ಸಿಸ್ಟಮ್‌ನ ಪೈಥಾನ್3 ಮುಟ್ಟಬಾರದು, ವೆನ್ವ್ ಹೀಗೆ ತೆರೆಯಬೇಕು ಅಂತ ಕನ್ನಡದಲ್ಲಿ ಒಂದು ಪುಟ ಬರೆದು ಲ್ಯಾಪ್‌ಟಾಪ್ ಚೀಲದಲ್ಲಿ ಇಟ್ಟಿದ್ದೇನೆ.

ಮಾಟುಂಗಾ ಕಾಪಿ · ಶನಿವಾರ ಬೆಳಿಗ್ಗೆ 8:20

ಆ ಪುಟದ ಫೋಟೊ ಇಲ್ಲಿ ಹಾಕುತ್ತೀರಾ? ನಮ್ಮ ಸಂಘದ ಕಂಪ್ಯೂಟರಿಗೂ ಬೇಕು.